ಸ್ಟೆಂಟ್ ಆಯ್ತು, ಮುಂದೇನು? ಹೃದಯದ ರಿಸ್ಕ್ ಸ್ಕೋರ್ ಲೆಕ್ಕ ಹಾಕುವ, ಓದುವ ಸಮಗ್ರ ಮಾರ್ಗದರ್ಶಿ

ಸಾಗರ ರಸ್ತೆಯ ನನ್ನ ಕ್ಲಿನಿಕ್ಕಿಗೆ ವಾರಕ್ಕೆ ಒಂದಿಬ್ಬರಾದರೂ ಪ್ಲಾಸ್ಟಿಕ್ ಕವರ್ ಹಿಡಿದುಕೊಂಡು ಬರುತ್ತಾರೆ. ಒಳಗೆ ಆಂಜಿಯೋಗ್ರಾಂ ಸಿಡಿ, ಡಿಸ್ಚಾರ್ಜ್ ಸಮರಿ, ಮಾತ್ರೆ ಚೀಟಿ. ಶಿವಮೊಗ್ಗದ್ದೋ, ಮಣಿಪಾಲದ್ದೋ, ಬೆಂಗಳೂರಿನದ್ದೋ. ಕೂತ ಕೂಡಲೇ ಕೇಳುವುದು ಎರಡೇ ಪ್ರಶ್ನೆ. "ಎಷ್ಟು ಪರ್ಸೆಂಟ್ ಬ್ಲಾಕ್ ಇತ್ತು ಡಾಕ್ಟ್ರೇ?" ಆಮೇಲೆ, "ಇನ್ನೇನೂ ತೊಂದರೆ ಇಲ್ವಲ್ಲ?"

ಮೊದಲನೆಯದಕ್ಕೆ ಉತ್ತರ ಕಾಗದದಲ್ಲೇ ಇರುತ್ತದೆ. ಆದರೆ ನೀವು ಅಂದುಕೊಂಡಷ್ಟು ಮುಖ್ಯವಲ್ಲ. ಎರಡನೆಯದೇ ಮುಖ್ಯ. ಅದಕ್ಕೆ ಉತ್ತರ ಯಾರೂ ಬರೆದುಕೊಟ್ಟಿರುವುದಿಲ್ಲ. ಅದನ್ನು ಅಂದಾಜು ಮಾಡಲಿಕ್ಕೆ ಇರುವುದೇ ಈ ರಿಸ್ಕ್ ಸ್ಕೋರ್‌ಗಳು. ಟಿಮಿ, ಸಿಂಟ್ಯಾಕ್ಸ್, ಯೂರೋಸ್ಕೋರ್, ಮೆಹ್ರಾನ್ ಅಂತ ಹೆಸರು ಕೇಳಿದರೆ ಗಾಬರಿಯಾಗುತ್ತದೆ. ಹೆಚ್ಚಿನವುಗಳ ಒಳಗಿರುವುದು ಕೂಡುವುದು, ಗುಣಿಸುವುದು, ಅಷ್ಟೇ. ಮನೆಯಲ್ಲಿ ಲೆಕ್ಕ ಗೊತ್ತಿರುವ ಒಬ್ಬರಿದ್ದರೆ ಸಾಕು. ಚಿಕಿತ್ಸೆ ತೀರ್ಮಾನ ಮಾತ್ರ ನಿಮ್ಮ ಹೃದಯದ ಡಾಕ್ಟರದ್ದು. ನೀವು ಲೆಕ್ಕ ಹಾಕುವುದು ಅವರನ್ನು ಸರಿಯಾದ ಪ್ರಶ್ನೆ ಕೇಳಲಿಕ್ಕೆ.

ಉದಾಹರಣೆಗೆ ಒಬ್ಬರನ್ನು ಇಟ್ಟುಕೊಳ್ಳೋಣ. ನಾನು ನೋಡಿದ ನಾಲ್ಕಾರು ಜನರನ್ನು ಸೇರಿಸಿ ಮಾಡಿದ ಮನುಷ್ಯ ಇವರು. ಹೊಸನಗರದ ಕಡೆಯ ಅಡಿಕೆ ತೋಟದ ಯಜಮಾನ್ರು. ವಯಸ್ಸು 68, ತೂಕ 58 ಕೆಜಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಮೊಣಕಾಲು ನೋವಿಗೆ ಇನ್ನೊಂದು ಮಾತ್ರೆ. ಅಡಿಕೆ ಸುಗ್ಗಿ. ಬೆಳಗಿನ ಜಾವ ಹಂಡೆಗೆ ಬೆಂಕಿ ಹಾಕುವಾಗ ಎದೆ ಹಿಡಿದುಕೊಂಡಿತು. ಗ್ಯಾಸ್ ಅಂತ ಜೀರಿಗೆ ಕಷಾಯ ಕುಡಿದರು, ಒಂದಿಷ್ಟು ಹೊತ್ತು ಮಲಗಿದರು. ಆಸ್ಪತ್ರೆಯಲ್ಲಿ ಮೊದಲ ಇಂಜೆಕ್ಷನ್ ಬೀಳುವಾಗ ಐದು ಗಂಟೆ ಕಳೆದಿತ್ತು.

ಹೆಜ್ಜೆ 1: ಮೊದಲು ಪ್ರಶ್ನೆ, ಆಮೇಲೆ ಸ್ಕೋರ್

ಜನ ಎಡವುವುದು ಇಲ್ಲೇ. "ರಿಸ್ಕ್ ಎಷ್ಟು?" ಅಂತ ಕೇಳಿದರೆ ಆಗಲಿಲ್ಲ. ಯಾವುದರ ರಿಸ್ಕ್? ಯಾವಾಗಿನವರೆಗೆ? ಒಂದೊಂದು ಸ್ಕೋರ್ ಒಂದೊಂದೇ ಪ್ರಶ್ನೆಗೆ ಹುಟ್ಟಿದ್ದು. ಹೃದಯಾಘಾತವಾದ 30 ದಿನದೊಳಗೆ ಜೀವಕ್ಕೆ ಎಷ್ಟು ಅಪಾಯ ಅನ್ನುವುದಕ್ಕೆ ಟಿಮಿ. ರಕ್ತನಾಳ ಎಷ್ಟು ಜಟಿಲವಾಗಿ ಕಟ್ಟಿದೆ, ಸ್ಟೆಂಟೋ ಬೈಪಾಸೋ ಅನ್ನುವುದಕ್ಕೆ ಸಿಂಟ್ಯಾಕ್ಸ್. ಆಪರೇಷನ್ ತಡೆದುಕೊಳ್ಳುತ್ತಾರಾ ಅನ್ನುವುದಕ್ಕೆ ಯೂರೋಸ್ಕೋರ್ 2. ಆಂಜಿಯೋಗ್ರಾಂ ಮಾಡುವಾಗ ನಾಳಕ್ಕೆ ಬಿಡುವ ಬಣ್ಣದಿಂದ ಕಿಡ್ನಿಗೆ ಪೆಟ್ಟಾಗುತ್ತದಾ ಅನ್ನುವುದಕ್ಕೆ ಮೆಹ್ರಾನ್. ರಕ್ತ ತೆಳುಮಾಡುವ ಮಾತ್ರೆಯಿಂದ ರಕ್ತಸ್ರಾವ ಆಗುತ್ತದಾ ಅನ್ನುವುದಕ್ಕೆ ಪ್ರಿಸೈಸ್-ಡ್ಯಾಪ್ಟ್ ಮತ್ತು ಎಆರ್‌ಸಿ-ಎಚ್‌ಬಿಆರ್. ಇಸಿಜಿಯಲ್ಲಿ ಎಸ್‌ಟಿ ಏರಿಕೆ (ಗೆರೆಯ ಒಂದು ಭಾಗ ಮೇಲೆದ್ದಿರುವುದು) ಇಲ್ಲದ ಆಘಾತವಾದರೆ ಗ್ರೇಸ್ ಸ್ಕೋರ್ ನೋಡುತ್ತಾರೆ. ಅದು 140 ದಾಟಿದರೆ ಬೇಗ ಆಂಜಿಯೋಗ್ರಾಂ ಮಾಡಬೇಕು ಅನ್ನುತ್ತಾರೆ.

ಒಂದು ಸ್ಕೋರ್ ಚೆನ್ನಾಗಿ ಬಂತು ಅಂತ ಇನ್ನೊಂದೂ ಚೆನ್ನಾಗಿರಬೇಕು ಅಂತೇನೂ ಇಲ್ಲ. ಯಜಮಾನ್ರದ್ದೇ ಲೆಕ್ಕ ನೋಡುತ್ತಾ ಹೋದರೆ ಗೊತ್ತಾಗುತ್ತದೆ.

ಹೆಜ್ಜೆ 2: ಫೈಲಿನಿಂದ ಹತ್ತು ಸಂಖ್ಯೆ ತೆಗೆಯಿರಿ

ಬಿಳಿ ಹಾಳೆ ತಗೊಳ್ಳಿ. ವಯಸ್ಸು, ತೂಕ, ದಾಖಲಾದಾಗಿನ ಬಿಪಿ, ನಾಡಿ, ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ), ಹಿಮೋಗ್ಲೋಬಿನ್, ಎಕೋದಲ್ಲಿ ಬರೆದ ಎಜೆಕ್ಷನ್ ಫ್ರ್ಯಾಕ್ಷನ್ (ಒಂದು ಬಡಿತಕ್ಕೆ ಹೃದಯ ಎಷ್ಟು ಪರ್ಸೆಂಟ್ ರಕ್ತ ಹೊರತಳ್ಳುತ್ತದೆ ಅನ್ನುವುದು), ನೋವು ಶುರುವಾದ ಹೊತ್ತು, ಚಿಕಿತ್ಸೆ ಶುರುವಾದ ಹೊತ್ತು, ಆಂಜಿಯೋಗ್ರಾಂನಲ್ಲಿ ಯಾವ ನಾಳದ ಯಾವ ಭಾಗ ಅನ್ನುವುದು. ಯಜಮಾನ್ರದ್ದು ಹೀಗಿತ್ತು: ಬಿಪಿ 108, ನಾಡಿ 92, ಕ್ರಿಯಾಟಿನಿನ್ 1.4, ಹಿಮೋಗ್ಲೋಬಿನ್ 11.8, ಎಜೆಕ್ಷನ್ ಫ್ರ್ಯಾಕ್ಷನ್ 40.

ತೂಕದ ಬಗ್ಗೆ ಒಂದು ಮಾತು ಹೇಳಲೇಬೇಕು. ನನ್ನ ಚಿಕ್ಕಪ್ಪನಿಗೆ ದೊಡ್ಡ ಊರಿನ ಒಂದು ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಫೈಲ್ ತೆಗೆದು ನೋಡಿದರೆ ತೂಕ 75 ಕೆಜಿ. ಚಿಕ್ಕಪ್ಪ ಜೀವಮಾನದಲ್ಲಿ 60 ದಾಟಿದವರಲ್ಲ! ಸ್ಟ್ರೆಚರ್ ಮೇಲೆ ಮಲಗಿದವರನ್ನು ಯಾರೋ ಕಣ್ಣಂದಾಜಿನಲ್ಲಿ ತೂಗಿದ್ದಾರೆ. ಇದು ಸಣ್ಣ ತಪ್ಪಲ್ಲ. ಯಾಕೆ ಅಂತ ಯಜಮಾನ್ರ ಸಂಖ್ಯೆ ಹಾಕಿ ನೋಡಿ.

ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಕಾಕ್‌ಕ್ರಾಫ್ಟ್-ಗಾಲ್ಟ್ ಅಂತ ಒಂದು ಸೂತ್ರ. 140ರಿಂದ ವಯಸ್ಸು ಕಳೆಯಿರಿ, ತೂಕದಿಂದ ಗುಣಿಸಿ. ಬಂದದ್ದನ್ನು 72 ಗುಣಿಸು ಕ್ರಿಯಾಟಿನಿನ್‌ನಿಂದ ಭಾಗಿಸಿ. ಹೆಂಗಸರಾದರೆ ಕೊನೆಗೆ 0.85ರಿಂದ ಗುಣಿಸಬೇಕು. 140ರಲ್ಲಿ 68 ಹೋದರೆ 72. ಮೇಲಿನ 72ಕ್ಕೂ ಕೆಳಗಿನ 72ಕ್ಕೂ ಹೊಡೆದುಹೋಯಿತು. ಉಳಿದದ್ದು 58 ಭಾಗಿಸು 1.4, ಅಂದರೆ ನಿಮಿಷಕ್ಕೆ ಸುಮಾರು 41 ಮಿ.ಲೀ. ಲ್ಯಾಬ್ ಚೀಟಿಯಲ್ಲಿ 1.4 ನೋಡಿದವರು "ಸ್ವಲ್ಪ ಜಾಸ್ತಿ, ಪರವಾಗಿಲ್ಲ" ಅಂತಾರೆ. ಆದರೆ 41 ಅಂದರೆ ಕಿಡ್ನಿ ಅರ್ಧ ದಣಿದಿದೆ ಅಂತ. ತೂಕ 75 ಅಂತ ಹಾಕಿದ್ದರೆ ಇದೇ ಲೆಕ್ಕ 53 ದಾಟುತ್ತಿತ್ತು. ಯೂರೋಸ್ಕೋರ್‌ನಲ್ಲಿ 50 ಒಂದು ಗಡಿ. ಸುಮ್ನೆ ಬರೆದ ಒಂದು ತೂಕ ಮನುಷ್ಯನನ್ನು ಗಡಿಯ ಆಚೆ ದಾಟಿಸಿಬಿಡುತ್ತದೆ. ಸಣ್ಣ ಮೈಕಟ್ಟಿನ ಮಲೆನಾಡಿನ ಮುದುಕರಲ್ಲಿ ಕ್ರಿಯಾಟಿನಿನ್ ಒಂದನ್ನೇ ನಂಬಬೇಡಿ. ತಕ್ಕಡಿ ಮೇಲೆ ನಿಲ್ಲಿಸಿ ತೂಗಿಸಿ.

ಹೆಜ್ಜೆ 3: ಆಘಾತದ ದಿನದ ಲೆಕ್ಕ

ಎಸ್‌ಟಿ ಏರಿಕೆಯ ಹೃದಯಾಘಾತಕ್ಕೆ ಟಿಮಿ ಸ್ಕೋರ್ ಬೆರಳು ಮಡಿಚಿ ಹಾಕುವಷ್ಟು ಸುಲಭ. 2000ನೇ ಇಸವಿಯಲ್ಲಿ ಪ್ರಕಟವಾಯಿತು. ಒಟ್ಟು 14 ಅಂಕ, ಹಂಚಿಕೆ ಹೀಗೆ:

ವಯಸ್ಸು 65ರಿಂದ 74 ಆದರೆ 2, 75 ಅಥವಾ ಮೇಲೆ ಆದರೆ 3
ಸಕ್ಕರೆ, ಬಿಪಿ ಅಥವಾ ಹಳೆಯ ಎದೆನೋವು, ಯಾವುದಾದರೂ ಇದ್ದರೆ 1
ಮೇಲಿನ ಬಿಪಿ 100ಕ್ಕಿಂತ ಕಡಿಮೆ ಇದ್ದರೆ 3
ನಾಡಿ 100 ದಾಟಿದ್ದರೆ 2
ಕಿಲಿಪ್ ದರ್ಜೆ 2ರಿಂದ 4 ಆದರೆ 2
ತೂಕ 67 ಕೆಜಿಗಿಂತ ಕಡಿಮೆ ಆದರೆ 1
ಹೃದಯದ ಮುಂಭಾಗದ ಆಘಾತ ಅಥವಾ ಇಸಿಜಿಯಲ್ಲಿ ಎಡ ಬಂಡಲ್ ಬ್ಲಾಕ್ (ಹೃದಯದ ಎಡಭಾಗಕ್ಕೆ ವಿದ್ಯುತ್ ಸಂದೇಶ ಹೋಗುವ ದಾರಿಯಲ್ಲಿ ತಡೆ) ಇದ್ದರೆ 1
ಚಿಕಿತ್ಸೆಗೆ 4 ಗಂಟೆಗಿಂತ ಹೆಚ್ಚಾಗಿದ್ದರೆ 1

ಕಿಲಿಪ್ ದರ್ಜೆ 1967ರಿಂದ ಬಳಕೆಯಲ್ಲಿದೆ. ಅದಕ್ಕೆ ಸ್ಟೆತಸ್ಕೋಪ್ ಸಾಕು. ಶ್ವಾಸಕೋಶದಲ್ಲಿ ಸದ್ದಿಲ್ಲದಿದ್ದರೆ ಒಂದು, ಬುಡದಲ್ಲಿ ಚರಪರ ಅಂದರೆ ಎರಡು, ಪೂರ್ತಿ ನೀರು ತುಂಬಿದರೆ ಮೂರು, ಬಿಪಿ ಬಿದ್ದು ಮೈ ತಣ್ಣಗಾದರೆ ನಾಲ್ಕು. ಯಜಮಾನ್ರ ಶ್ವಾಸಕೋಶ ಸ್ವಚ್ಛವಿತ್ತು. ಆಘಾತ ಆದದ್ದು ಹೃದಯದ ಮುಂಭಾಗಕ್ಕೆ.

ಈಗ ಕೂಡಿ. ವಯಸ್ಸಿಗೆ 2, ಸಕ್ಕರೆಗೆ 1, ತೂಕಕ್ಕೆ 1, ಮುಂಭಾಗಕ್ಕೆ 1, ತಡವಾದದ್ದಕ್ಕೆ 1. ಒಟ್ಟು 6. ಮೂಲ ಅಧ್ಯಯನದಲ್ಲಿ 6 ಅಂಕ ಬಂದವರಲ್ಲಿ 30 ದಿನದೊಳಗೆ ತೀರಿಕೊಂಡವರು 16.1 ಪರ್ಸೆಂಟ್. 5 ಬಂದವರಲ್ಲಿ 12.4. ಸೊನ್ನೆ ಬಂದವರಲ್ಲಿ 0.8, ಎಂಟಕ್ಕಿಂತ ಜಾಸ್ತಿ ಬಂದವರಲ್ಲಿ 35.9.

ಈ ಪಟ್ಟಿಯಲ್ಲಿ ವಯಸ್ಸು ನಮ್ಮ ಕೈಯಲ್ಲಿಲ್ಲ. ಆಘಾತ ಹೃದಯದ ಯಾವ ಭಾಗಕ್ಕೆ ಅನ್ನುವುದೂ ಇಲ್ಲ. ಕೈಯಲ್ಲಿರುವುದು ಒಂದೇ, ಆ ನಾಲ್ಕು ಗಂಟೆ. ಭಾರತದ 89 ಆಸ್ಪತ್ರೆಗಳಲ್ಲಿ 20 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿ 2008ರಲ್ಲಿ ಪ್ರಕಟವಾದ ಕ್ರಿಯೇಟ್ ಅಧ್ಯಯನದಲ್ಲಿ ನೋವು ಶುರುವಾಗಿ ಆಸ್ಪತ್ರೆ ಮುಟ್ಟಲಿಕ್ಕೆ ಹಿಡಿದ ಮಧ್ಯದ ಸಮಯ 6 ಗಂಟೆ. ಅಂದರೆ ಅರ್ಧಕ್ಕರ್ಧ ಜನ ಅದಕ್ಕಿಂತಲೂ ತಡ. ನಮ್ಮಲ್ಲಿ ಅದಕ್ಕೆ ಕಾರಣ ಕಾಡು ರಸ್ತೆ ಒಂದೇ ಅಲ್ಲ, ಜೀರಿಗೆ ಕಷಾಯವೂ ಹೌದು. ಈಗ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಘಾಟಿ ಇಳಿದು ಹೋಗುವ ಮೊದಲೇ ಚಿಕಿತ್ಸೆ ಶುರುವಾಗಬಹುದು. ಇದಕ್ಕಿಂತ ದೊಡ್ಡ ಅನುಕೂಲ ನನಗೆ ಗೊತ್ತಿಲ್ಲ.

ತೂಕದ ಸಾಲು ನೋಡಿ ನನಗೆ ನಗು ಬರುತ್ತದೆ. 67 ಕೆಜಿ ಅಂತೆ! ನಮ್ಮ ತೋಟದಲ್ಲಿ ಮರ ಹತ್ತುವ ಗಟ್ಟಿಮುಟ್ಟಾದ ಆಳಿನ ತೂಕವೂ ಅಷ್ಟಿರುವುದಿಲ್ಲ. ಈ ಸ್ಕೋರ್ ಕಟ್ಟಿದ ಪರೀಕ್ಷೆಯಲ್ಲಿ ಇದ್ದವರು ಹೆಚ್ಚಾಗಿ ದೊಡ್ಡ ಮೈಕಟ್ಟಿನ ಹೊರದೇಶದವರು. ಹಾಗಾಗಿ ನಮ್ಮಲ್ಲಿ ಆ ಒಂದು ಅಂಕ ಬಹುಮಟ್ಟಿಗೆ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ಯಜಮಾನ್ರ ಆರನ್ನು ನಾನು ಮನಸ್ಸಿನಲ್ಲಿ ಐದೂವರೆ ಅಂತ ಓದುತ್ತೇನೆ. ಇದು ಪುಸ್ತಕದ ಮಾತಲ್ಲ, ನನ್ನ ಅಂದಾಜು. ಇನ್ನೊಂದು, ಆ ಪರೀಕ್ಷೆಯ 14 ಸಾವಿರ ರೋಗಿಗಳಿಗೆ ಕೊಟ್ಟದ್ದು ಹೆಪ್ಪು ಕರಗಿಸುವ ಔಷಧ. ಇಂದು ಅದರ ಜೊತೆಗೋ ಅದರ ಬದಲಿಗೋ ಸ್ಟೆಂಟ್ ಬೀಳುತ್ತದೆ. ಆಗಿನ ಪರ್ಸೆಂಟನ್ನು ಈಗಿನವರಿಗೆ ಹಾಗೇ ಅಂಟಿಸಬಾರದು. ಯಾರು ಮೇಲೆ, ಯಾರು ಕೆಳಗೆ ಅನ್ನುವ ಸಾಲು ಮಾತ್ರ ಈಗಲೂ ಸರಿಯಾಗಿ ಹೇಳುತ್ತದೆ.

ಹೆಜ್ಜೆ 4: "ಎಷ್ಟು ಪರ್ಸೆಂಟ್" ಬಿಟ್ಟು "ಎಲ್ಲಿ" ಅಂತ ಕೇಳಿ

ಮದುವೆ ಮನೆಯಲ್ಲಿ ಇಬ್ಬರು ಸ್ಟೆಂಟಿನವರು ಸಿಕ್ಕರೆ ಮಾತು ಶುರುವಾಗುವುದೇ ಹೀಗೆ. "ನಂದು 95." "ನಂದು 80 ಅಷ್ಟೇ." 80ರವರು ಸಮಾಧಾನದಿಂದ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಾರೆ.

ಸಿಂಟ್ಯಾಕ್ಸ್ ಸ್ಕೋರ್ ಈ ಮಾತನ್ನು ಕೇಳುವುದೇ ಇಲ್ಲ. ಒಂದೂವರೆ ಮಿಲಿಮೀಟರ್ ಅಥವಾ ಹೆಚ್ಚು ಅಗಲದ ನಾಳದಲ್ಲಿ 50 ಪರ್ಸೆಂಟ್ ಕಟ್ಟಿದ್ದರೂ 99 ಕಟ್ಟಿದ್ದರೂ ಅದು ಗುಣಿಸುವುದು 2ರಿಂದಲೇ. ಪೂರ್ತಿ ಮುಚ್ಚಿದ್ದರೆ ಮಾತ್ರ 5ರಿಂದ. ಬೆಲೆ ಇರುವುದು ಜಾಗಕ್ಕೆ. ಸಾಮಾನ್ಯ ರಚನೆಯ ಹೃದಯದಲ್ಲಿ ಎಡ ಮುಖ್ಯ ನಾಳಕ್ಕೆ 5, ಎಡ ಮುಂಭಾಗದ ನಾಳದ ಆರಂಭಕ್ಕೆ 3.5, ಅದರ ನಡುಭಾಗಕ್ಕೆ 2.5, ಎಡಗಡೆಯಿಂದ ಹಿಂದಕ್ಕೆ ಸುತ್ತಿ ಹೋಗುವ ಸರ್ಕಂಫ್ಲೆಕ್ಸ್ ನಾಳದ ಆರಂಭಕ್ಕೆ 1.5, ಬಲ ನಾಳದ ಒಂದೊಂದು ಭಾಗಕ್ಕೆ 1. ಈಗ ನೋಡಿ. ಎಡ ಮುಖ್ಯ ನಾಳದಲ್ಲಿ 60 ಪರ್ಸೆಂಟ್ ಇದ್ದವರಿಗೆ 5 ಗುಣಿಸು 2, ಅಂದರೆ 10. ಬಲ ನಾಳದ ನಡುವೆ 95 ಇದ್ದವರಿಗೆ 1 ಗುಣಿಸು 2, ಅಂದರೆ 2. ಹೋಳಿಗೆ ಯಾರು ತಿನ್ನಬೇಕಿತ್ತು ಅಂತ ನೀವೇ ಹೇಳಿ. ಕಾಲುವೆಯ ಬಾಯಲ್ಲಿ ಕಸ ಕಟ್ಟಿದರೆ ತೋಟವೇ ಒಣಗುತ್ತದೆ, ಕೊನೆಯ ಕವಲಲ್ಲಿ ಕಟ್ಟಿದರೆ ನಾಲ್ಕು ಮರ. ಅದೇ ಲೆಕ್ಕ.

ಇದರ ಮೇಲೆ ಸಣ್ಣಪುಟ್ಟ ಸೇರ್ಪಡೆಗಳಿವೆ. ಸುಣ್ಣ (ಕ್ಯಾಲ್ಸಿಯಂ) ಗಟ್ಟಿಯಾಗಿ ಕಟ್ಟಿದ್ದರೆ 2, ಬ್ಲಾಕ್ 20 ಮಿ.ಮೀ.ಗಿಂತ ಉದ್ದವಿದ್ದರೆ 1, ಹೆಪ್ಪು ಕಂಡರೆ 1, ಕವಲೊಡೆಯುವ ಜಾಗವಾದರೆ ಇನ್ನಷ್ಟು. ಒಟ್ಟು 22ರವರೆಗೆ ಕಡಿಮೆ, 23ರಿಂದ 32 ಮಧ್ಯಮ, 33 ಮತ್ತು ಮೇಲೆ ಹೆಚ್ಚು. 1,800 ರೋಗಿಗಳ ಸಿಂಟ್ಯಾಕ್ಸ್ ಪರೀಕ್ಷೆಯ ಮೊದಲ ಫಲಿತಾಂಶ 2009ರಲ್ಲಿ ಬಂತು. ಅಂಕ ಹೆಚ್ಚಿದ್ದವರಲ್ಲಿ ಸ್ಟೆಂಟಿಗಿಂತ ಬೈಪಾಸ್ ಮೇಲಾಯಿತು.

ಯಜಮಾನ್ರಿಗೆ ಆ ದಿನ ಆಘಾತಕ್ಕೆ ಕಾರಣವಾದ ಎಡ ಮುಂಭಾಗದ ನಾಳ ಮಾತ್ರ ತೆರೆದರು. ಉಳಿದದ್ದು ಸರ್ಕಂಫ್ಲೆಕ್ಸ್ ಆರಂಭದಲ್ಲಿ 70, ಬಲ ನಾಳದ ನಡುವೆ ಸುಣ್ಣ ಕಟ್ಟಿದ 80. ತೆರೆಯದೆ ಬಿಟ್ಟ ಬ್ಲಾಕುಗಳ ಉಳಿಕೆ ಸ್ಕೋರ್: ಸರ್ಕಂಫ್ಲೆಕ್ಸ್‌ಗೆ 3, ಬಲ ನಾಳಕ್ಕೆ 2, ಸುಣ್ಣಕ್ಕೆ 2. ಒಟ್ಟು 7. ಉಳಿಕೆ 8 ದಾಟಿದವರಿಗೆ ಮುಂದೆ ತೊಂದರೆ ಜಾಸ್ತಿ ಅಂತ ಅಧ್ಯಯನಗಳು ಹೇಳುತ್ತವೆ. ಏಳು ಬಂತಲ್ಲ, ಬಿಟ್ಟುಬಿಡೋಣವಾ? ಅವಸರ ಬೇಡ. 2019ರ ಕಂಪ್ಲೀಟ್ ಪರೀಕ್ಷೆಯಲ್ಲಿ ಹೃದಯಾಘಾತವಾದ 4,041 ಜನರಲ್ಲಿ ಅರ್ಧ ಜನರಿಗೆ 70 ಅಥವಾ ಹೆಚ್ಚು ಕಟ್ಟಿದ್ದ ಉಳಿದ ನಾಳಗಳನ್ನೂ 45 ದಿನದೊಳಗೆ ತೆರೆದರು. ಮೂರು ವರ್ಷದಲ್ಲಿ ಹೃದಯದಿಂದ ಸಾವು ಅಥವಾ ಮತ್ತೊಂದು ಆಘಾತ ಅವರಲ್ಲಿ 7.8 ಪರ್ಸೆಂಟ್, ತೆರೆಯದವರಲ್ಲಿ 10.5. ಹಾಗಾಗಿ ಯಜಮಾನ್ರಿಗೆ ಎರಡನೇ ಸಲ ಬನ್ನಿ ಅಂದರು.

ಇಲ್ಲಿ ಮನೆಯವರು ಕೇಳಬೇಕಾದ ಪ್ರಶ್ನೆ: ಸ್ಟೆಂಟಾ, ಬೈಪಾಸಾ? ಸಿಂಟ್ಯಾಕ್ಸ್ ನೋಡುವುದು ನಾಳದ ನಕ್ಷೆ ಮಾತ್ರ, ಮನುಷ್ಯನನ್ನಲ್ಲ. ಸಕ್ಕರೆ ಕಾಯಿಲೆ ಅದರಲ್ಲಿ ಎಲ್ಲೂ ಇಲ್ಲ. ಸಕ್ಕರೆ ಇದ್ದು ಹಲವು ನಾಳ ಕಟ್ಟಿದವರಿಗೆ ಬೈಪಾಸ್ ಒಳ್ಳೆಯದು ಅಂತ 2012ರ ಫ್ರೀಡಂ ಪರೀಕ್ಷೆ ತೋರಿಸಿತು. ಆದ್ದರಿಂದ ಇದನ್ನು ಬಾಯಿಬಿಟ್ಟು ಕೇಳಿ.

ಹೆಜ್ಜೆ 5: ಆಪರೇಷನ್ ತಡೆಯುತ್ತಾರಾ

ಯೂರೋಸ್ಕೋರ್ 2 ಅನ್ನು 2010ರಲ್ಲಿ 43 ದೇಶಗಳ 22,381 ರೋಗಿಗಳಿಂದ ಕಟ್ಟಿದರು, 2012ರಲ್ಲಿ ಪ್ರಕಟವಾಯಿತು. 18 ಅಂಶಗಳು. ಕೈಲೆಕ್ಕ ಆಗುವುದಿಲ್ಲ, ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ಸಿಗುತ್ತದೆ. ತುಂಬುವಾಗ ಮೋಸ ಹೋಗುವ ಜಾಗ ಮೂರು. ಸಕ್ಕರೆ ಇಲ್ಲಿ ಲೆಕ್ಕಕ್ಕೆ ಬರುವುದು ಇನ್ಸುಲಿನ್ ತಗೊಳ್ಳುತ್ತಿದ್ದರೆ ಮಾತ್ರ. ಮಾತ್ರೆಯವರಿಗೆ "ಇಲ್ಲ" ಅಂತಲೇ ಹಾಕಬೇಕು. ಕಿಡ್ನಿ ಅಂದರೆ ಕ್ರಿಯಾಟಿನಿನ್ ಅಲ್ಲ, ನಾವು ಆಗಲೇ ತೆಗೆದ 41. ನಡೆಯಲಿಕ್ಕೆ ತೊಂದರೆ ಅಂದರೆ ಮೂಳೆ, ಸ್ನಾಯು, ನರದ ದೆಸೆಯಿಂದ ಓಡಾಟವೇ ಕಷ್ಟವಾಗಿರಬೇಕು. ಮೊಣಕಾಲು ನೋಯುತ್ತದೆ ಅಂತ ಗೊಣಗುತ್ತಲೇ ತೋಟದ ತುದಿಗೆ ಹೋಗಿ ಬರುವ ಯಜಮಾನ್ರಿಗೆ ಅದು ಅನ್ವಯಿಸುವುದಿಲ್ಲ.

ಕೈಲೆಕ್ಕ ಬೇಕೆಂದರೆ ಆಪರೇಷನ್ ಅಪಾಯಕ್ಕೇ ಎಸಿಇಎಫ್ ಅನ್ನುವ ಇನ್ನೊಂದು ಸ್ಕೋರ್ ಇದೆ. ಸಂಖ್ಯೆ ದೊಡ್ಡದಾದಷ್ಟೂ ಅಪಾಯ ಜಾಸ್ತಿ. ವಯಸ್ಸನ್ನು ಎಜೆಕ್ಷನ್ ಫ್ರ್ಯಾಕ್ಷನ್‌ನಿಂದ ಭಾಗಿಸಿ, ಕ್ರಿಯಾಟಿನಿನ್ 2 ದಾಟಿದ್ದರೆ 1 ಕೂಡಿಸಿ. 68 ಭಾಗಿಸು 40, ಅಂದರೆ 1.7. ಇದು ತುರ್ತಿಗಲ್ಲ, ಮೊದಲೇ ದಿನ ಗೊತ್ತುಮಾಡಿದ ಆಪರೇಷನ್ನಿಗೆ. ಆದರೆ ಆಘಾತದ ದಿನದ ಎಕೋ ನಂಬಿ ಇದನ್ನು ಹಾಕಬೇಡಿ. ಪೆಟ್ಟು ತಿಂದ ಸ್ನಾಯು ಕೆಲವು ದಿನ ಮಂಕಾಗಿರುತ್ತದೆ, ಆಮೇಲೆ ಎಷ್ಟೋ ಜನರಲ್ಲಿ ಚೇತರಿಸಿಕೊಳ್ಳುತ್ತದೆ. ವಾರಗಳ ನಂತರ ಮತ್ತೆ ಎಕೋ ಮಾಡಿಸಿದಾಗ 48 ಬಂದರೆ ಅದೇ ಸ್ಕೋರ್ 1.42ಕ್ಕೆ ಇಳಿಯುತ್ತದೆ. ಮನುಷ್ಯ ಅವನೇ, ದಿನ ಬೇರೆ.

ಹೆಜ್ಜೆ 6: ಕಿಡ್ನಿಯ ಲೆಕ್ಕ, ಎರಡನೇ ಸಲ ಹೋಗುವ ಮೊದಲು

2004ರ ಮೆಹ್ರಾನ್ ಸ್ಕೋರ್. ಸಕ್ಕರೆಗೆ 3 (ಇಲ್ಲಿ ಮಾತ್ರೆಯವರಿಗೂ), ರಕ್ತಹೀನತೆಗೆ 3, ಪ್ರತಿ 100 ಮಿ.ಲೀ. ಬಣ್ಣಕ್ಕೆ 1. ಕಿಡ್ನಿ ಸೋಸುವ ವೇಗ 40ರಿಂದ 60ರ ನಡುವೆ ಇದ್ದರೆ 2. ಇದನ್ನು ಲ್ಯಾಬಿನವರು ಬೇರೆ ಸೂತ್ರದಲ್ಲಿ ಕೊಡುತ್ತಾರೆ, ಯಜಮಾನ್ರದ್ದು 50ರ ಆಸುಪಾಸು. 150 ಮಿ.ಲೀ. ಬಣ್ಣ ಹಿಡಿದರೆ ಒಟ್ಟು 9. ಆರರಿಂದ ಹತ್ತರ ಗುಂಪಿನಲ್ಲಿ 14 ಪರ್ಸೆಂಟ್ ಜನರಿಗೆ 48 ಗಂಟೆಯೊಳಗೆ ಕ್ರಿಯಾಟಿನಿನ್ ಏರಿತ್ತು. ಡಯಾಲಿಸಿಸ್ ಬೇಕಾದವರು ಸಾವಿರಕ್ಕೆ ಒಬ್ಬರು.

ಹೆದರುವಂಥದ್ದಲ್ಲ. ಆದರೆ ಆ 48 ಗಂಟೆ ಮುಗಿಯುವಾಗ ನಮ್ಮವರು ಎಲ್ಲಿರುತ್ತಾರೆ? ಮನೆಯಲ್ಲಿ, ಗುಡ್ಡದ ಮೇಲೆ. ಡಿಸ್ಚಾರ್ಜ್ ಆಗುವಾಗಲೇ ಕೇಳಿ: ಯಾವ ದಿನ, ಯಾವ ಲ್ಯಾಬಿನಲ್ಲಿ ಕ್ರಿಯಾಟಿನಿನ್ ನೋಡಿಸಬೇಕು, ಮೆಟ್‌ಫಾರ್ಮಿನ್ (ಸಕ್ಕರೆ ಮಾತ್ರೆ) ನಿಲ್ಲಿಸಿದ್ದರೆ ಯಾವಾಗ ಮತ್ತೆ ಶುರು ಮಾಡಬೇಕು. ಮೊಣಕಾಲು ನೋವಿನ ಮಾತ್ರೆಯನ್ನು ಅವರಿಗೆ ತೋರಿಸಿ. ಎಷ್ಟೋ ಸಲ ಕಿಡ್ನಿಯ ನಿಜವಾದ ಶತ್ರು ಅದೇ.

ಹೆಜ್ಜೆ 7: ಮಾತ್ರೆ, ರಕ್ತ ಮತ್ತು ಉಂಬಳ

ಸ್ಟೆಂಟ್ ಹಾಕಿದ ಮೇಲೆ ಆಸ್ಪಿರಿನ್ ಜೊತೆ ಇನ್ನೊಂದು ಮಾತ್ರೆ, ಹೃದಯಾಘಾತವಾದವರಿಗೆ ಸಾಮಾನ್ಯವಾಗಿ ಒಂದು ವರ್ಷ. ರಕ್ತಸ್ರಾವದ ಅಪಾಯ ಇದ್ದರೆ ಕಡಿಮೆ ಮಾಡುತ್ತಾರೆ. ಪ್ರಿಸೈಸ್-ಡ್ಯಾಪ್ಟ್‌ನಲ್ಲಿ 25 ಅಥವಾ ಹೆಚ್ಚು ಬಂದರೆ ಅಪಾಯ ಜಾಸ್ತಿ ಅಂತ. 2019ರ ಎಆರ್‌ಸಿ-ಎಚ್‌ಬಿಆರ್ ಇನ್ನೂ ಸುಲಭ. ಒಂದು ದೊಡ್ಡ ಕಾರಣ ಅಥವಾ ಎರಡು ಸಣ್ಣ ಕಾರಣ ಇದ್ದರೆ ಅಪಾಯದ ಗುಂಪು. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಆದರೆ ದೊಡ್ಡ ಕಾರಣ. ಗಂಡಸರಿಗೆ 11ರಿಂದ 12.9 ಸಣ್ಣದು. ಕಿಡ್ನಿ ವೇಗ 30ರಿಂದ 59 ಸಣ್ಣದು. ದಿನಾ ನೋವಿನ ಮಾತ್ರೆ ನುಂಗುವುದೂ ಸಣ್ಣದು. ಯಜಮಾನ್ರಿಗೆ ಮೂರೂ ಇವೆ! ನಾಳದ ಸ್ಕೋರಿನಲ್ಲಿ ಪಾಸಾದವರು ಇಲ್ಲಿ ಫೇಲು.

ಮಳೆಗಾಲದ ಕಥೆ ಬೇರೆ. ತೋಟಕ್ಕೆ ಹೋಗಿ ಬಂದರೆ ಕಾಲಿಗೆ ಉಂಬಳ, ಅಂದರೆ ಜಿಗಣೆ. ಈ ಮಾತ್ರೆ ತಿನ್ನುವವರಿಗೆ ಅದು ಕಚ್ಚಿದ ಜಾಗ ಗಂಟೆಗಟ್ಟಲೆ ಜಿನುಗುತ್ತದೆ. ಪಂಚೆ ಕೆಂಪಾದದ್ದು ನೋಡಿ ಮನೆಯವರು ಹೆದರಿ ಮಾತ್ರೆ ನಿಲ್ಲಿಸಿಬಿಡುತ್ತಾರೆ. ನನ್ನ ಕ್ಲಿನಿಕ್ಕಿನಲ್ಲೇ ಮಳೆಗಾಲ ಬಂತೆಂದರೆ ಇಂಥವರು ಸಿಗುತ್ತಾರೆ. ಯಾವ ಸ್ಕೋರೂ ಉಂಬಳವನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ, ತಗೊಳ್ಳಬೇಕಾಗಿಯೂ ಇಲ್ಲ. ಹತ್ತು ನಿಮಿಷ ಬಟ್ಟೆ ಒತ್ತಿ ಹಿಡಿದರೆ, ಬಿಗಿಯಾಗಿ ಕಟ್ಟಿದರೆ ಸಾಕು. ಮಾತ್ರೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ಹೆಪ್ಪು ಕಟ್ಟಬಹುದು, ಅದು ಜೀವ ತೆಗೆಯುತ್ತದೆ. ಮಲ ಕರಿ ಟಾರಿನ ಹಾಗೆ ಹೋದರೆ, ರಕ್ತವಾಂತಿಯಾದರೆ, ತಲೆಗೆ ಪೆಟ್ಟು ಬಿದ್ದರೆ ಕೂಡಲೇ ಆಸ್ಪತ್ರೆ. ಕಚ್ಚಿಕೊಂಡ ಉಂಬಳ ಬಿಡಿಸಲಿಕ್ಕೆ ಸುಣ್ಣವೋ ಹೊಗೆಸೊಪ್ಪೋ.

ಹೆಜ್ಜೆ 8: ಬಂದ ಪರ್ಸೆಂಟ್ ಓದುವುದು ಹೇಗೆ

ಜುಲೈಯಲ್ಲಿ ಆಗುಂಬೆಯಲ್ಲಿ ನಾಳೆ ಮಳೆ ಬರುತ್ತದೆ ಅಂತ ಹೇಳಲಿಕ್ಕೆ ಜ್ಯೋತಿಷಿ ಬೇಡ. ಕಷ್ಟ ಇರುವುದು ನವೆಂಬರಿನಲ್ಲಿ, ಅಡಿಕೆ ಅಂಗಳದಲ್ಲಿ ಹರಡಿರುವಾಗ. "ಮಳೆ ಬರುವ ಸಾಧ್ಯತೆ 30 ಪರ್ಸೆಂಟ್" ಅಂದ ಹತ್ತು ದಿನಗಳಲ್ಲಿ ಮೂರು ದಿನ ಮಳೆ ಬಂದರೆ ಹೇಳಿದವನು ಸರಿ. ಏಳು ದಿನ ಬಂದರೆ ತಪ್ಪು. ಸ್ಕೋರನ್ನು ಅಳೆಯುವುದೂ ಹೀಗೆ. ನಿಮ್ಮ ಅಂಗಳದಲ್ಲಿ ಇವತ್ತು ಮಳೆ ಬರುತ್ತದಾ ಅಂತ ಅದು ಹೇಳುವುದಿಲ್ಲ. ಟಾರ್ಪಾಲು ಹತ್ತಿರ ಇಟ್ಟುಕೊಳ್ಳಬೇಕಾ ಅಂತ ಹೇಳುತ್ತದೆ.

ಆದ್ದರಿಂದ ಪರ್ಸೆಂಟ್ ಕೇಳಿ ಎದೆ ಒಡೆದುಕೊಳ್ಳಬೇಡಿ, ಎದೆ ಉಬ್ಬಿಸಲೂಬೇಡಿ. 16 ಅಂದರೆ ಯಜಮಾನ್ರಂಥ ನೂರು ಜನರಲ್ಲಿ 84 ಮಂದಿ ತಿಂಗಳಾದ ಮೇಲೆ ಬದುಕಿದ್ದರು ಅಂತ. ಮನೆಯವರಿಗೆ ಹೇಳುವಾಗ ನಾನು ಎರಡೂ ಸಂಖ್ಯೆ ಹೇಳುತ್ತೇನೆ. ಒಂದನ್ನೇ ಹೇಳಿದರೆ ಅರ್ಧ ಸುಳ್ಳು ಹೇಳಿದ ಹಾಗೆ, ಅಲ್ವಾ?

ಹೆಜ್ಜೆ 9: ಸ್ಕೋರಿನಲ್ಲಿ ಇಲ್ಲದ ಸಾಲುಗಳನ್ನು ನೀವೇ ಬರೆಯಿರಿ

ಬಿಳಿ ಹಾಳೆಯ ಹಿಂದೆ ಇನ್ನಷ್ಟು ಸಾಲು ಬೇಕು. ಮನೆಯಿಂದ ಟಾರು ರಸ್ತೆಗೆ ಎಷ್ಟು ದೂರ. ರಾತ್ರಿ ಯಾರ ಜೀಪು ಸಿಗುತ್ತದೆ. ನೆಟ್‌ವರ್ಕ್ ಎಲ್ಲಿ ನಿಂತರೆ ಬರುತ್ತದೆ. ಮಳೆಗಾಲದಲ್ಲಿ ಮರ ಬಿದ್ದರೆ, ಮಣ್ಣು ಕುಸಿದರೆ ಬೇರೆ ದಾರಿ ಯಾವುದು. ಮಾತ್ರೆ ಮುಗಿಯುವ ಮುಂಚೆ ಪೇಟೆಗೆ ಹೋಗುವವರು ಯಾರು. ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದು ಇಬ್ಬರೇ ಇರುವ ಮನೆಯಾದರೆ ನಾನು ಮೂರು ತಿಂಗಳ ಮಾತ್ರೆ ಒಟ್ಟಿಗೆ ಬರೆಯುತ್ತೇನೆ, ಪಕ್ಕದ ಮನೆಯವರ ನಂಬರನ್ನೂ ಚೀಟಿಯ ಮೇಲೆ ಬರೆಸಿಕೊಳ್ಳುತ್ತೇನೆ.

ಆ ಹಾಳೆಯನ್ನು ಮಡಿಚಿ ಫೈಲಿನೊಳಗೆ ಇಡಬೇಡಿ. ಫೋನಿಡುವ ಜಾಗದ ಗೋಡೆಗೆ ಅಂಟಿಸಿ. ಮೇಲ್ಗಡೆ ದಪ್ಪಕ್ಷರದಲ್ಲಿ 108.